ಮಡಿಕೇರಿಯ ನೀಲಿ ಹೂ ಪುಣೆಗೆ ಬಂದು ಗುಲಾಬಿ ಬಣ್ಣ ಆಯ್ತು. ತಳಿ ಕೆಟ್ಟಿತಾ, ಮಣ್ಣು ಬದಲಾಗಿದ್ದಕ್ಕಾ?

ಕೊಥ್ರೂಡ್_ಬಾಲ್ಕನಿ · ಜೂನ್ 9

ಮೂರು ವರ್ಷದ ಹಿಂದೆ ಮಡಿಕೇರಿಯ ತವರುಮನೆಯಿಂದ ಹೈಡ್ರೇಂಜಿಯದ ನಾಲ್ಕು ಕಡ್ಡಿ ತಂದೆ. ಒದ್ದೆ ಗೋಣಿ ತುಂಡಿನಲ್ಲಿ ಸುತ್ತಿ, ದಾರಿಯುದ್ದಕ್ಕೂ ಮಡಿಲಲ್ಲೇ ಇಟ್ಟುಕೊಂಡಿದ್ದೆ. ಎರಡು ನನಗೆ, ಎರಡು ಗೋವಾದ ಫೋಂಡಾದಲ್ಲಿರುವ ತಂಗಿಗೆ. ಅಮ್ಮನ ಅಂಗಳದಲ್ಲಿ ಆ ಹೂ ಗಟ್ಟಿ ನೀಲಿ. ಒಂದೊಂದು ಗೊಂಚಲೂ ಸುಲಿದ ತೆಂಗಿನಕಾಯಿಯಷ್ಟು ದಪ್ಪ. ಮಳೆ ಬಂದರೆ ನೀರು ಹಿಡಿದುಕೊಂಡು ತಲೆ ಬಾಗಿಸಿ ನಿಲ್ಲುತ್ತದೆ.

ಈ ವರ್ಷ ನನ್ನ ಗಿಡಗಳು ಮೊದಲ ಸಲ ಹೂ ಬಿಟ್ಟವು. ಎರಡೂ ಪೂರ್ತಿ ಗುಲಾಬಿ. ನೀಲಿಯ ಸುಳಿವೂ ಇಲ್ಲ. ತಂಗಿಯ ಮನೆಯಲ್ಲಿ ಮಾತ್ರ ಅಮ್ಮನ ಅಂಗಳದ್ದೇ ಬಣ್ಣ. ಫೋಟೋ ನೋಡಿ ಅಮ್ಮ "ಇದು ನಮ್ಮ ಗಿಡ ಅಲ್ಲವೇ ಅಲ್ಲ" ಅಂತ ಹಟ ಹಿಡಿದಿದ್ದಾರೆ.

ಹತ್ತಿರದ ನರ್ಸರಿಯಲ್ಲಿ ಕೇಳಿದೆ. "ತಳಿ ಕೆಟ್ಟಿದೆ, ಕಿತ್ತು ಎಸೆಯಿರಿ, ಹೊಸದು ಕೊಡ್ತೀವಿ" ಅಂದರು. ಎಸೆಯಲು ಮನಸ್ಸು ಬರುತ್ತಿಲ್ಲ. ಒಂದೇ ಗಿಡದ ಕಡ್ಡಿಗಳು ಎರಡು ಊರಲ್ಲಿ ಎರಡು ಬಣ್ಣ ಹೇಗೆ ಬಿಡುತ್ತವೆ? ಬಣ್ಣ ಅನ್ನೋದು ಹುಟ್ಟುಗುಣ ಅಲ್ವಾ?

ಠಾಣೆ_ತೋಟ · ಜೂನ್ 9

ಎಸೆಯಬೇಡಿ! ಏನೂ ಕೆಟ್ಟಿಲ್ಲ. ಹೈಡ್ರೇಂಜಿಯ ಹುಳಿ ಮಣ್ಣಿನಲ್ಲಿ ನೀಲಿ, ಸುಣ್ಣದ ಮಣ್ಣಿನಲ್ಲಿ ಗುಲಾಬಿ. ಅಷ್ಟೇ.

ಮಾಟುಂಗಾ_ಮಾವ · ಜೂನ್ 9

ಅಷ್ಟೇ ಅಂದರೆ ಹೇಗೆ? ನಮ್ಮ ಬಾಲ್ಕನಿಯಲ್ಲಿ ಬಿಳಿ ದಾಸವಾಳ ಇದೆ. ಇಪ್ಪತ್ತು ವರ್ಷದಲ್ಲಿ ಮೂರು ಸಲ ಮಣ್ಣು ಬದಲಿಸಿದ್ದೇನೆ. ಒಂದು ದಿನವೂ ಅದು ಕೆಂಪು ಬಿಟ್ಟಿಲ್ಲ. ಮಣ್ಣಿಗೆ ಅಷ್ಟು ಶಕ್ತಿ ಇದ್ದರೆ ಎಲ್ಲ ಹೂವೂ ಬದಲಾಗಬೇಕಿತ್ತು. ಬೇರು ಎಲ್ಲಿದ್ದರೂ ಗುಣ ಬೀಜದ್ದೇ.

ತಳೇಗಾಂವ್_ಪಾಲಿಹೌಸ್ · ಜೂನ್ 9

ಮಾವ, ನಾನು ಒಪ್ಪಲ್ಲ. ನಾನು ಗುಲಾಬಿ ಪಾಲಿಹೌಸ್‌ನಲ್ಲಿ ಕೆಲಸ ಮಾಡುತ್ತೇನೆ. ಒಂದೇ ಸಾಲು, ಒಂದೇ ತಳಿ. ಜನವರಿಯಲ್ಲಿ ಕೊಯ್ದ ಕೆಂಪು ಹೂವಿನ ಪಕ್ಕ ಮೇ ತಿಂಗಳ ಹೂ ಇಟ್ಟರೆ ಬೇರೆ ಜಾತಿ ಅಂತ ಅನ್ನಿಸುತ್ತದೆ. ಚಳಿಗಾಲದಲ್ಲಿ ಗಾಢ, ಬೇಸಿಗೆಯಲ್ಲಿ ತೊಳೆದ ಹಾಗೆ ಪೇಲವ. ಸೇವಂತಿಗೆಯೂ ಹಾಗೇ. ಸೆಕೆ ಜಾಸ್ತಿಯಾದರೆ ಗಿಡ ಬಣ್ಣ ತಯಾರಿಸುವುದೂ ಕಡಿಮೆ, ತಯಾರಾದದ್ದು ಉಳಿಯುವುದೂ ಕಡಿಮೆ. ಬೀಜದ ಗುಣ ಒಂದೇ ಆಗಿದ್ದರೆ ಹವೆಗೆ ತಕ್ಕ ಹಾಗೆ ಯಾಕೆ ಬದಲಾಗಬೇಕು?

ಮಾಟುಂಗಾ_ಮಾವ · ಜೂನ್ 9

ಪೇಲವ ಆದರೂ ಕೆಂಪು ಕೆಂಪೇ. ನೀಲಿ ಆಯಿತಾ?

ಮುಲುಂಡ್_ಮೇಷ್ಟ್ರು · ಜೂನ್ 10

ಇಬ್ಬರೂ ಅರ್ಧರ್ಧ ಸರಿ. ಮೂವತ್ತು ವರ್ಷ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡಿದ್ದೇನೆ. ಈ ಪ್ರಶ್ನೆ ಬಂದಾಗಲೆಲ್ಲ ನಾನು ಮೊದಲು ಕೇಳುತ್ತಿದ್ದದ್ದು ಒಂದೇ: ಗಿಡ ಕಡ್ಡಿಯಿಂದ ಬಂದದ್ದೋ, ಬೀಜದಿಂದ ಬಂದದ್ದೋ? ಬೀಜದಿಂದ ಬಂದಿದ್ದರೆ ಅಪ್ಪ ಅಮ್ಮನ ಜೀನ್‌ಗಳು ಕಲಸಿ ಹೊಸದಾಗಿ ಹಂಚಿಕೆ ಆಗಿರುತ್ತವೆ. ಬಣ್ಣ ಬದಲಾದರೆ ಆಶ್ಚರ್ಯ ಇಲ್ಲ. ಕಡ್ಡಿ ಹಾಗಲ್ಲ. ಅದು ತಾಯಿಗಿಡದ್ದೇ ಒಂದು ತುಂಡು, ಜೀನ್ ಎಲ್ಲ ಅದೇ. ಅಕ್ಕ ತಂದದ್ದು ಕಡ್ಡಿ. ಪುಣೆಯ ಗಿಡ, ಫೋಂಡಾದ ಗಿಡ, ಮಡಿಕೇರಿಯ ಗಿಡ, ಮೂರೂ ಒಂದೇ. ಬದಲಾದದ್ದು ಊರು ಮಾತ್ರ. ಇಷ್ಟು ಅಚ್ಚುಕಟ್ಟಾದ ಪ್ರಯೋಗ ನನಗೆ ಲ್ಯಾಬ್‌ನಲ್ಲೂ ಸಿಕ್ಕಿರಲಿಲ್ಲ.

ಈಗ ಮಾವನ ದಾಸವಾಳದ ವಿಷಯ. ಹೂವಿಗೆ ಬಣ್ಣ ಕೊಡುವ ವಸ್ತುವನ್ನು ಗಿಡ ತನ್ನ ಜೀವಕೋಶದೊಳಗೆ ತಾನೇ ತಯಾರಿಸಿಕೊಳ್ಳಬೇಕು. ಕೆಂಪು, ಗುಲಾಬಿ, ನೇರಳೆ, ನೀಲಿ ಹೂಗಳಲ್ಲಿ ಬಹುಪಾಲು ಆಂಥೋಸಯನಿನ್ ಅನ್ನುವ ಬಣ್ಣದ ವಸ್ತು ಇರುತ್ತದೆ. ಅದು ಒಂದೇ ಏಟಿಗೆ ಆಗುವುದಿಲ್ಲ. ಹಂತ ಹಂತವಾಗಿ ಆಗುತ್ತದೆ, ಒಂದೊಂದು ಹಂತಕ್ಕೂ ಒಂದೊಂದು ಕಿಣ್ವ (ಎಂಜೈಮ್) ಬೇಕು. ಆ ಕಿಣ್ವವನ್ನು ಹೇಗೆ ಮಾಡಬೇಕು ಅಂತ ಬರೆದಿಟ್ಟಿರುವುದು ಜೀನ್‌ನಲ್ಲಿ. ಯಾವುದೋ ಒಂದು ಜೀನ್ ಕೆಟ್ಟರೆ ಸಾಲು ಅಲ್ಲೇ ನಿಲ್ಲುತ್ತದೆ, ಹೂ ಬಿಳಿ ಆಗುತ್ತದೆ. ಆಮೇಲೆ ನೀವು ಯಾವ ಮಣ್ಣು ಹಾಕಿದರೂ ಇಲ್ಲದ ವಸ್ತುವಿಗೆ ಬಣ್ಣ ಎಲ್ಲಿಂದ ಬರಬೇಕು? ಬಿಳಿ ಹೈಡ್ರೇಂಜಿಯ ಕೂಡ ಇದೆ. ಅದನ್ನು ಮಡಿಕೇರಿಯಲ್ಲಿ ನೆಟ್ಟರೂ ನೀಲಿ ಆಗುವುದಿಲ್ಲ.

ಅಕ್ಕನ ಗಿಡದಲ್ಲಿ ಇರುವುದು ಆಂಥೋಸಯನಿನ್ ಬಳಗದಲ್ಲೇ ಡೆಲ್ಫಿನಿಡಿನ್ ಜಾತಿಯ ಬಣ್ಣ. ಅದು ಗುಲಾಬಿಯೂ ಆಗಬಲ್ಲದು, ನೀಲಿಯೂ ಆಗಬಲ್ಲದು. ಎಷ್ಟು ದೂರ ಹೋಗಬಹುದು ಅಂತ ಜೀನ್ ಹೇಳುತ್ತದೆ. ಎಲ್ಲಿ ನಿಲ್ಲಬೇಕು ಅಂತ ಮಣ್ಣು ಹೇಳುತ್ತದೆ.

ಡೊಂಬಿವಲಿ_ದಿನಚರಿ · ಜೂನ್ 10

ಅರಿಸಿನಕ್ಕೆ ಸುಣ್ಣ ಕಲಸಿದರೆ ಆರತಿ ನೀರು ಕೆಂಪಾಗುತ್ತದಲ್ಲ, ಅದೇ ಥರ ಅಲ್ವಾ ಮೇಷ್ಟ್ರೇ? ಅರಿಸಿನ ಅದೇ. ಸುಣ್ಣ ಬಿದ್ದ ಕೂಡಲೇ ಓಕುಳಿ.

ಚಿಂಚವಡ_ಕೆಮಿಸ್ಟ್ · ಜೂನ್ 10

ಹೋಲಿಕೆ ಚೆನ್ನಾಗಿದೆ, ಆದರೆ ಪೂರ್ತಿ ಸರಿ ಅಲ್ಲ. ಅರಿಸಿನದಲ್ಲಿ ಸುಣ್ಣ ನೇರವಾಗಿ ಬಣ್ಣಕ್ಕೇ ತಾಗುತ್ತದೆ. ಶಂಖಪುಷ್ಪದ ನೀರಿಗೆ ನಿಂಬೆ ಹಿಂಡಿದರೆ ನೇರಳೆ ಆಗುವುದೂ ಹಾಗೇ. ಹೈಡ್ರೇಂಜಿಯದಲ್ಲಿ ಮಣ್ಣಿನ ಹುಳಿ ಹೂವಿನ ಎಸಳಿಗೆ ಹೋಗಿ ಮುಟ್ಟುವುದಿಲ್ಲ. ನಡುವೆ ಇನ್ನೊಬ್ಬ ಇದ್ದಾನೆ, ಅಲ್ಯುಮಿನಿಯಂ.

ಮಣ್ಣಿನಲ್ಲಿ ಅಲ್ಯುಮಿನಿಯಂ ಬೇಕಾದಷ್ಟು ಇರುತ್ತದೆ. ಆದರೆ ಗಟ್ಟಿಯಾಗಿ ಕೂತಿರುತ್ತದೆ. ಪಿಎಚ್ (ಹುಳಿಯ ಅಳತೆ, ಕಡಿಮೆ ಆದಷ್ಟೂ ಹುಳಿ ಹೆಚ್ಚು) ಸುಮಾರು 5.5ಕ್ಕಿಂತ ಕೆಳಗೆ ಇಳಿದರೆ ಕರಗಿ ನೀರಿಗೆ ಬರುತ್ತದೆ. ಬೇರು ಅದನ್ನು ಹೀರಿಕೊಂಡು ಮೇಲೆ ಕಳಿಸುತ್ತದೆ. ಎಸಳಿನ ಒಳಗೆ ಅಲ್ಯುಮಿನಿಯಂ ಆ ಬಣ್ಣಕ್ಕೆ ಅಂಟಿಕೊಂಡರೆ ನೀಲಿ. ಅಂಟಿಕೊಳ್ಳದಿದ್ದರೆ ಗುಲಾಬಿ. ಪಿಎಚ್ 6.5 ದಾಟಿದರೆ ಅಲ್ಯುಮಿನಿಯಂ ಮತ್ತೆ ಬೀಗ ಹಾಕಿಕೊಂಡು ಕೂರುತ್ತದೆ. ನಡುವಿನಲ್ಲಿ ಇದ್ದರೆ ನೇರಳೆ, ಒಂದೇ ಗೊಂಚಲಿನಲ್ಲಿ ಎರಡೂ ಬಣ್ಣ, ಏನು ಬೇಕಾದರೂ ಬರಬಹುದು.

ಕೊಥ್ರೂಡ್ ಅಕ್ಕ, ಎರಡು ಪ್ರಶ್ನೆ. ಕುಂಡ ಯಾವುದು? ನೀರು ಎಲ್ಲಿಯದು?

ಕೊಥ್ರೂಡ್_ಬಾಲ್ಕನಿ · ಜೂನ್ 10

ಎರಡೂ ಸಿಮೆಂಟ್ ಕುಂಡ. ಮಣ್ಣು ಸೊಸೈಟಿ ಹಿಂದಿನ ಖಾಲಿ ಜಾಗದ ಕಪ್ಪು ಮಣ್ಣು, ಜೊತೆಗೆ ಗೊಬ್ಬರ. ನೀರು ಬೇಸಿಗೆಯಲ್ಲಿ ಬೋರ್‌ವೆಲ್‌ದು ಅಥವಾ ಟ್ಯಾಂಕರ್‌ದು. ಕುಂಡದ ಅಂಚಿನಲ್ಲಿ ಬಿಳಿ ಪುಡಿ ಕಟ್ಟುತ್ತದೆ, ಉಗುರಿನಿಂದ ಕೆರೆದರೆ ಉದುರುತ್ತದೆ. ಬಕೆಟ್‌ಗೂ ಹಾಗೇ ಕಟ್ಟುತ್ತದೆ.

ಚಿಂಚವಡ_ಕೆಮಿಸ್ಟ್ · ಜೂನ್ 10

ಸಿಕ್ಕಿತು. ಸಿಮೆಂಟ್ ಸುಣ್ಣ ಬಿಡುತ್ತದೆ. ಬೋರ್ ನೀರು ಸುಣ್ಣ ತರುತ್ತದೆ. ದಖ್ಖನ್ನಿನ ಕಪ್ಪು ಮಣ್ಣಿನಲ್ಲಿ ಎಷ್ಟೋ ಕಡೆ ಸುಣ್ಣದ ಹರಳು ಮೊದಲೇ ಇರುತ್ತದೆ. ಮೂರು ಕಡೆಯಿಂದ ಸುಣ್ಣ. ನೀಲಿ ಬರುವುದಾದರೂ ಹೇಗೆ?

ಒಂದು ಚಮಚ ಒಣ ಮಣ್ಣು ತಟ್ಟೆಗೆ ಹಾಕಿ, ಮೇಲೆ ಎರಡು ಚಮಚ ವಿನೆಗರ್ ಸುರಿದು ನೋಡಿ.

ಕೊಥ್ರೂಡ್_ಬಾಲ್ಕನಿ · ಜೂನ್ 11

ಸುರಿದೆ. ಚುರ್ ಅಂತ ಸದ್ದು ಬಂತು! ಮಣ್ಣಿನ ಮೇಲೆ ಸಣ್ಣ ಸಣ್ಣ ಗುಳ್ಳೆ, ಸೋಡಾ ಲೋಟದ ಹಾಗೆ. ಮಣ್ಣಿನಲ್ಲಿ ಸಾಸಿವೆ ಕಾಳಿನಷ್ಟು ಬಿಳಿ ಹರಳುಗಳಿದ್ದವು, ಗುಳ್ಳೆ ಹೆಚ್ಚು ಬಂದದ್ದು ಅವುಗಳಿಂದಲೇ. ಮೂರು ವರ್ಷ ಈ ಮಣ್ಣನ್ನು ಕೈಯಲ್ಲಿ ಕಲಸಿದ್ದೇನೆ, ಒಂದು ದಿನವೂ ಅವುಗಳನ್ನು ಗಮನಿಸಿರಲಿಲ್ಲ.

ಫೋಂಡಾ_ತಂಗಿ · ಜೂನ್ 11

ಅಕ್ಕ ಲಿಂಕ್ ಕಳಿಸಿದಳು, ನಾನೂ ಸೇರಿಕೊಂಡೆ. ನಾನು ಈಗಷ್ಟೇ ಅದೇ ಮಾಡಿದೆ. ನಮ್ಮ ಮಣ್ಣಿನಲ್ಲಿ ಒಂದು ಗುಳ್ಳೆಯೂ ಇಲ್ಲ. ಸುಮ್ನೆ ಹೀರಿಕೊಂಡಿತು.

ಧಾರವಾಡ_ಟು_ಪುಣೆ · ಜೂನ್ 11

ತಂಗಿಯವರೇ, ಗೋವಾದ ಸೆಕೆಗೆ ಹೈಡ್ರೇಂಜಿಯ ಬದುಕುತ್ತದಾ? ನನ್ನ ಗೆಳೆಯರೊಬ್ಬರು ಮಡಗಾಂವ್‌ನಲ್ಲಿ ನೆಟ್ಟು ಏಪ್ರಿಲ್‌ನಲ್ಲಿ ಕಳೆದುಕೊಂಡರು ನೋಡ್ರಿ.

ಫೋಂಡಾ_ತಂಗಿ · ಜೂನ್ 11

ಬಾವಿಕಟ್ಟೆ ಹಿಂದೆ ಹಲಸಿನ ಮರದ ನೆರಳಿದೆ. ಅಲ್ಲಿ ನೆಲದಲ್ಲೇ ನೆಟ್ಟಿದ್ದೇನೆ, ಕುಂಡದಲ್ಲಿ ಅಲ್ಲ. ಬಟ್ಟೆ ಒಗೆಯುವ ಕಲ್ಲಿನಿಂದ ದೂರ ಇಟ್ಟೆ, ಸೋಪಿನ ನೀರು ಹೋಗಬಾರದು ಅಂತ. ಎರಡರಲ್ಲಿ ಒಂದು ಕಡ್ಡಿ ಒಣಗಿತು, ಒಂದು ಉಳಿಯಿತು. ಮಣ್ಣು ಕೆಂಪು, ಅಗೆದರೆ ಒಂದಡಿಗೆ ಜಂಬಿಟ್ಟಿಗೆ ಸಿಗುತ್ತದೆ.

ವಾಸ್ಕೊ_ಬಂದರು · ಜೂನ್ 12

ಜಂಬಿಟ್ಟಿಗೆ ಅಂದರೆ ನಮ್ಮ ಮಂಗಳೂರಿನ ಕೆಂಪುಕಲ್ಲು ಮಾರಾಯ್ರೆ. ಇಲ್ಲಿ ಮರಾಠಿಯವರು ಜಾಂಭಾ ಅನ್ನುತ್ತಾರೆ. ಗೋವಾದ ಹಳೆ ಮನೆಗಳ ಗೋಡೆಯೆಲ್ಲ ಇದೇ. ಇದಕ್ಕೆ ಲ್ಯಾಟರೈಟ್ ಅಂತ ಹೆಸರಿಟ್ಟವನು ಫ್ರಾನ್ಸಿಸ್ ಬುಕಾನನ್. 1800ರಲ್ಲಿ ಮೈಸೂರು, ಕೆನರಾ, ಮಲಬಾರ್ ಸುತ್ತಲು ಹೊರಟವನು. ಕೇರಳದ ಅಂಗಡಿಪುರಂನಲ್ಲಿ ಜನ ಇದನ್ನು ನೆಲದಿಂದಲೇ ಇಟ್ಟಿಗೆಯ ಹಾಗೆ ಕಡಿದು ತೆಗೆಯುವುದನ್ನು ನೋಡಿದ. ಲ್ಯಾಟಿನ್‌ನಲ್ಲಿ ಲೇಟರ್ ಅಂದರೆ ಇಟ್ಟಿಗೆ. ನಮ್ಮ ಹೆಸರಿನಲ್ಲೂ ಇಟ್ಟಿಗೆ ಇದೆ ನೋಡಿ.

ಮತ್ತೆ ವಿಷಯಕ್ಕೆ ಬಂದರೆ, ಲಕ್ಷಾಂತರ ವರ್ಷ ಮಳೆ ಹೊಯ್ದು ಹೊಯ್ದು ಸುಣ್ಣ ಎಲ್ಲ ತೊಳೆದು ಹೋಗಿ, ಕಬ್ಬಿಣ ಮತ್ತು ಅಲ್ಯುಮಿನಿಯಂ ಉಳಿದು ಆದ ಕಲ್ಲು ಅದು. ಕಬ್ಬಿಣದಿಂದ ಕೆಂಪು. ಹುಳಿ ಮಣ್ಣು, ಅಲ್ಯುಮಿನಿಯಂ ಬೇಕಾದಷ್ಟು. ತಂಗಿಯ ಹೂ ನೀಲಿ ಆಗದೆ ಇನ್ನೇನಾಗಬೇಕು?

ಠಾಣೆ_ತೋಟ · ಜೂನ್ 12

ಹಾಗಾದರೆ ತುಕ್ಕು ಹಿಡಿದ ಮೊಳೆ ಕುಂಡದಲ್ಲಿ ಹೂತಿಟ್ಟರೆ ನೀಲಿ ಆಗುತ್ತದೆ ಅಂತಾರಲ್ಲ, ಅದು ಸರಿ ಅಲ್ವಾ?

ಚಿಂಚವಡ_ಕೆಮಿಸ್ಟ್ · ಜೂನ್ 12

ಅಲ್ಲ. ಮೊಳೆ ಕಬ್ಬಿಣ. ಇಲ್ಲಿ ಕೆಲಸ ಅಲ್ಯುಮಿನಿಯಂದು. ಹಾಗಂತ ಹಳೇ ಪಾತ್ರೆ ತುಂಡು ಹಾಕಬೇಡಿ, ಅದು ಸುಲಭಕ್ಕೆ ಕರಗುವುದಿಲ್ಲ.

ಡೊಂಬಿವಲಿ_ದಿನಚರಿ · ಜೂನ್ 12

ಕಾಫಿ ಚರಟ? ನಾನು ದಿನಾ ಹಾಕುತ್ತೇನೆ.

ಚಿಂಚವಡ_ಕೆಮಿಸ್ಟ್ · ಜೂನ್ 12

ಗೊಬ್ಬರಕ್ಕೆ ಒಳ್ಳೆಯದು, ಹಾಕಿ. ಆದರೆ ಹುಳಿಯ ಬಹುಪಾಲು ಡಿಕಾಕ್ಷನ್‌ಗೆ ಹೋಗಿರುತ್ತದೆ. ಪುಣೆಯ ಸುಣ್ಣದ ಮಣ್ಣನ್ನು ಬದಲಿಸುವ ಶಕ್ತಿ ಚರಟಕ್ಕೆ ಇಲ್ಲ.

ಮಾಟುಂಗಾ_ಮಾವ · ಜೂನ್ 13

ಸರಿ, ಹೈಡ್ರೇಂಜಿಯದ ಮಟ್ಟಿಗೆ ಒಪ್ಪಿದೆ. ಆದರೆ ಅದೊಂದು ಅಪರೂಪದ ಗಿಡ. ಅದನ್ನು ಹಿಡಿದುಕೊಂಡು ಎಲ್ಲ ಹೂವಿಗೂ ಮಣ್ಣೇ ಕಾರಣ ಅನ್ನಬೇಡಿ. ಕನಕಾಂಬರ ನೋಡಿ. ಮಾಟುಂಗಾದ ಹೂವಿನ ಸಾಲಿನಲ್ಲಿ ಕಿತ್ತಳೆ, ಹಳದಿ, ಕೆಂಪು ಮೂರೂ ಬರುತ್ತವೆ. ಒಂದೇ ಹೊಲದ ಪಕ್ಕಪಕ್ಕದ ಗಿಡಗಳಲ್ಲಿ ಬೇರೆ ಬೇರೆ ಬಣ್ಣ. ಒಂದೇ ಮಣ್ಣು, ಒಂದೇ ನೀರು.

ಮುಲುಂಡ್_ಮೇಷ್ಟ್ರು · ಜೂನ್ 13

ಮಾವ ಹೇಳಿದ್ದು ಬಹಳ ಮುಖ್ಯ. ಮೆಂಡೆಲ್ ಮಾಡಿದ್ದೂ ಅದನ್ನೇ. ಬ್ರನೊ ಊರಿನ ಮಠದ ಒಂದೇ ತೋಟದಲ್ಲಿ ನೇರಳೆ ಹೂವಿನ ಬಟಾಣಿ, ಬಿಳಿ ಹೂವಿನ ಬಟಾಣಿ ಎರಡನ್ನೂ ಬೆಳೆಸಿದ. ಎರಡನ್ನು ಕೂಡಿಸಿದರೆ ಮಕ್ಕಳೆಲ್ಲ ನೇರಳೆ. ಮೊಮ್ಮಕ್ಕಳಲ್ಲಿ 705 ನೇರಳೆ, 224 ಬಿಳಿ. ಸುಮಾರು ಮೂರಕ್ಕೆ ಒಂದು. ಮಣ್ಣು ಎಲ್ಲಕ್ಕೂ ಅದೇ ಆದ್ದರಿಂದ ವ್ಯತ್ಯಾಸ ಒಳಗಿನದ್ದೇ ಅಂತ ಗೊತ್ತಾಯಿತು. 1866ರಲ್ಲಿ ಅಚ್ಚಾಯಿತು, 1900ರವರೆಗೆ ಹೆಚ್ಚಿನವರು ಕಣ್ಣೆತ್ತಿ ನೋಡಲಿಲ್ಲ. ಬಿಳಿ ಬಟಾಣಿ ಹೂವಿನಲ್ಲಿ ಕೆಟ್ಟಿರುವ ಜೀನ್ ಯಾವುದು ಅಂತ ಪಕ್ಕಾ ಆದದ್ದು 2010ರಲ್ಲಿ. ಅದು ಬಣ್ಣ ಮಾಡುವ ಕಿಣ್ವದ ಜೀನ್ ಅಲ್ಲ. ಆ ಜೀನ್‌ಗಳ ಸ್ವಿಚ್ ಒತ್ತುವ ಜೀನ್.

ಮೆಂಡೆಲ್ ಮಣ್ಣನ್ನು ಒಂದೇ ಇಟ್ಟು ಜೀನ್ ಬದಲಿಸಿದ. ಕೊಥ್ರೂಡ್ ಅಕ್ಕ ಜೀನ್ ಒಂದೇ ಇಟ್ಟು ಮಣ್ಣು ಬದಲಿಸಿದ್ದಾರೆ.

ಡೊಂಬಿವಲಿ_ದಿನಚರಿ · ಜೂನ್ 13

ಮೇಷ್ಟ್ರೇ, ನನ್ನ ಗಿಡಕ್ಕೆ ಏನು ಹೇಳುತ್ತೀರಿ? ನಮ್ಮ ಚಾಳಿನ ಗೋಡೆ ಬದಿಯಲ್ಲಿ ಸಂಜೆಮಲ್ಲಿಗೆ ತಾನಾಗಿ ಹುಟ್ಟಿದೆ. ಇಲ್ಲಿ ಗುಲಬಕ್ಷಿ ಅಂತಾರೆ. ಹಳದಿ ಹೂವಿನ ಗಿಡ. ಆದರೆ ಕೆಲವು ಹೂವಿನಲ್ಲಿ ಕೆಂಪು ಗೀರು, ಕುಂಕುಮ ಚಿಮುಕಿಸಿದ ಹಾಗೆ. ಒಂದು ಹೂ ನೇರ ಅರ್ಧ ಹಳದಿ, ಅರ್ಧ ಕೆಂಪು. ಪಕ್ಕದ ಟೊಂಗೆಯಲ್ಲಿ ಪೂರ್ತಿ ಕೆಂಪು ಹೂವೇ ಬಂತು. ಒಂದೇ ಗಿಡ, ಒಂದೇ ಮಣ್ಣು, ಒಂದೇ ಸಂಜೆ. ಇಲ್ಲಿ ಜೀನೂ ಬದಲಾಗಿಲ್ಲ, ಮಣ್ಣೂ ಬದಲಾಗಿಲ್ಲ ಅಲ್ವಾ?

ಮುಲುಂಡ್_ಮೇಷ್ಟ್ರು · ಜೂನ್ 13

ಇಲ್ಲಿ ಜೀನೇ ಬದಲಾಗಿದೆ! ಅದೂ ಗಿಡ ಬೆಳೆಯುತ್ತಿರುವಾಗಲೇ. ಜೀನ್‌ಗಳ ನಡುವೆ ಜಿಗಿಯುವ ತುಂಡುಗಳಿವೆ, ಟ್ರಾನ್ಸ್‌ಪೋಸಾನ್ ಅಂತ ಹೆಸರು. ಮೆಕ್ಕೆಜೋಳದ ಕಾಳಿನ ಚುಕ್ಕೆ ನೋಡಿ ಇದನ್ನು ಕಂಡುಹಿಡಿದವರು ಬಾರ್ಬರಾ ಮೆಕ್ಲಿಂಟಾಕ್. 1983ರಲ್ಲಿ ನೊಬೆಲ್ ಬಂತು. ಸಂಜೆಮಲ್ಲಿಗೆಯಲ್ಲಿ ಕೆಂಪು ಮಾಡುವ ಜೀನ್‌ನ ನಡುವೆ ಅಂಥ ತುಂಡು ಹೋಗಿ ಕೂತರೆ ಕೆಂಪು ಆಗುವುದಿಲ್ಲ, ಹಳದಿ ಮಾತ್ರ ಉಳಿಯುತ್ತದೆ. ಎಸಳು ಬೆಳೆಯುವಾಗ ಯಾವುದೋ ಒಂದು ಜೀವಕೋಶದಲ್ಲಿ ಆ ತುಂಡು ಎದ್ದು ಹೋದರೆ ಅಲ್ಲಿ ಕೆಂಪು ಮರಳುತ್ತದೆ. ಆ ಜೀವಕೋಶದ ಮಕ್ಕಳೆಲ್ಲ ಕೆಂಪು. ತಡವಾಗಿ ಎದ್ದರೆ ಸಣ್ಣ ಗೀರು. ಬೇಗ ಎದ್ದರೆ ಅರ್ಧ ಹೂ. ಇನ್ನೂ ಬೇಗ ಎದ್ದರೆ ಇಡೀ ಟೊಂಗೆ.

ಇನ್ನೊಂದು ಮಾತು. ಸಂಜೆಮಲ್ಲಿಗೆಯಲ್ಲಿ ಇರುವುದು ಆಂಥೋಸಯನಿನ್ ಅಲ್ಲ. ಬೀಟಲೇನ್, ಅಂದರೆ ಬೀಟ್‌ರೂಟ್‌ನ ಬಣ್ಣದ ಬಳಗ. ಗೋವಾದ ಕಾಂಪೌಂಡ್ ತುಂಬ ಇರುವ ಬೋಗನ್‌ವಿಲ್ಲಾದಲ್ಲೂ ಅದೇ. ಹೈಡ್ರೇಂಜಿಯದ ಉಪಾಯ ಅದಕ್ಕೆ ನಡೆಯುವುದಿಲ್ಲ. ಪಾಠಪುಸ್ತಕದಲ್ಲಿ ಕೆಂಪು ಮತ್ತು ಬಿಳಿ ಕೂಡಿದರೆ ಗುಲಾಬಿ ಅಂತ ಇರುತ್ತದಲ್ಲ, ಅದೂ ಇದೇ ಸಂಜೆಮಲ್ಲಿಗೆ. ಕಾರ್ಲ್ ಕೊರೆನ್ಸ್ ಮಾಡಿದ ಪ್ರಯೋಗ. ಬಟಾಣಿಯಲ್ಲಿ ನೇರಳೆ ಬಿಳಿಯನ್ನು ಮುಚ್ಚುತ್ತದೆ, ಇಲ್ಲಿ ಒಂದು ಬಣ್ಣ ಇನ್ನೊಂದನ್ನು ಮುಚ್ಚುವುದಿಲ್ಲ.

ಧಾರವಾಡ_ಟು_ಪುಣೆ · ಜೂನ್ 14

ನಮ್ಮ ಮನೆಯ ಗುಲಾಬಿ ಕಥೆ ಕೇಳ್ರಿ. ಹಳದಿ ಗುಲಾಬಿ ಅಂತ ಒಂದು ನರ್ಸರಿಯಿಂದ ತಂದೆ. ಮೊದಲ ವರ್ಷ ಹಳದಿ. ಎರಡನೇ ವರ್ಷ ಚಿಕ್ಕ ಚಿಕ್ಕ ಗುಲಾಬಿ ಬಣ್ಣದ ಹೂ, ಗೊಂಚಲು ಗೊಂಚಲು. ಇದೂ ಮಣ್ಣಿನ ಪ್ರಭಾವ ಏನು?

ತಳೇಗಾಂವ್_ಪಾಲಿಹೌಸ್ · ಜೂನ್ 14

ಖಂಡಿತ ಅಲ್ಲ. ಅದು ಕಸಿ ಗಿಡ. ಕೆಳಗಿನ ಬೇರು ಕಾಡು ಗುಲಾಬಿಯದು, ಮೇಲೆ ಹಳದಿಯ ಕಣ್ಣು ಕೂರಿಸಿರುತ್ತಾರೆ. ಮೇಲಿನ ಭಾಗ ಸತ್ತು ಕೆಳಗಿನ ಬೇರಿನಿಂದ ಚಿಗುರು ಬಂದಿದೆ. ಕಸಿ ಗಂಟಿನ ಕೆಳಗಿನಿಂದ ಬಂದ ಚಿಗುರನ್ನು ಎಳೆಯದಿರುವಾಗಲೇ ಕಿತ್ತು ಹಾಕಬೇಕಿತ್ತು. ನಿಮ್ಮ ಹಳದಿ ಹೋಯಿತು, ಈಗ ಇರುವುದು ಬೇರೆಯೇ ಗಿಡ. ಬಣ್ಣ ಬದಲಾಯಿತು ಅಂತ ಹೇಳುವವರಲ್ಲಿ ಬಹಳ ಮಂದಿಗೆ ಆಗಿರುವುದು ಇದೇ.

ತಳೇಗಾಂವ್_ಪಾಲಿಹೌಸ್ · ಜೂನ್ 14

ಕ್ಷಮಿಸಿ, "ಎಳೆಯದಿರುವಾಗಲೇ" ಅಂದದ್ದು "ಎಳೆಯದಾಗಿರುವಾಗಲೇ" ಅಂತ ಓದಿಕೊಳ್ಳಿ.

ಧಾರವಾಡ_ಟು_ಪುಣೆ · ಜೂನ್ 14

ಎರಡು ವರ್ಷದಿಂದ ಕಾಡು ಬೇರಿಗೆ ಗೊಬ್ಬರ ಹಾಕಿದೆನಾ! ನಾಳೆಯೇ ಗಂಟು ಹುಡುಕುತ್ತೇನೆ.

ಠಾಣೆ_ತೋಟ · ಜೂನ್ 14

ದಾದರ್ ಮಾರ್ಕೆಟ್‌ನಲ್ಲಿ ನೀಲಿ ಗುಲಾಬಿ ನೋಡಿದೆ. ಅದು ಯಾವ ಮಣ್ಣಿನದು?

ತಳೇಗಾಂವ್_ಪಾಲಿಹೌಸ್ · ಜೂನ್ 14

ಬಣ್ಣದ ನೀರಿನದು. ಬಿಳಿ ಗುಲಾಬಿಯ ದಂಟನ್ನು ಬಣ್ಣದಲ್ಲಿ ನಿಲ್ಲಿಸುತ್ತಾರೆ, ಇಲ್ಲವೇ ಮೇಲಿಂದ ಬಳಿಯುತ್ತಾರೆ. ದಂಟಿನ ತುದಿ ಕತ್ತರಿಸಿ ನೋಡಿ, ಒಳಗೆ ನೀಲಿ ಕಾಣುತ್ತದೆ. ಎಸಳಿನ ನರಗಳಲ್ಲಿ ಬಣ್ಣ ದಟ್ಟವಾಗಿರುತ್ತದೆ.

ಮುಲುಂಡ್_ಮೇಷ್ಟ್ರು · ಜೂನ್ 14

ಗುಲಾಬಿಗೆ ಡೆಲ್ಫಿನಿಡಿನ್ ಮಾಡುವ ಕಿಣ್ವವೇ ಇಲ್ಲ. ಅದಕ್ಕೆ ಯಾವ ಮಣ್ಣೂ ಅದನ್ನು ನೀಲಿ ಮಾಡುವುದಿಲ್ಲ. ಜಪಾನಿನ ಸನ್‌ಟೋರಿ ಕಂಪನಿ ಪ್ಯಾನ್ಸಿ ಹೂವಿನ ಜೀನ್ ತಂದು ಸೇರಿಸಿತು. 2009ರಲ್ಲಿ ಅಲ್ಲಿ ಮಾರಾಟಕ್ಕೆ ಬಂತು. ಆದರೂ ನೋಡಲು ಅದು ತಿಳಿ ನೇರಳೆಯೇ. ಯಾಕೆಂದರೆ ಬಣ್ಣದ ವಸ್ತು ಇದ್ದರೆ ಸಾಲದು, ಎಸಳಿನೊಳಗಿನ ರಸ ಎಷ್ಟು ಹುಳಿ, ಯಾವ ಲೋಹ ಜೊತೆಗಿದೆ, ಅದೂ ಬೇಕು. ಕೆಂಪು ಗುಲಾಬಿಯಲ್ಲಿರುವ ಸಯನಿಡಿನ್ ಅನ್ನುವ ಬಣ್ಣ ಯುರೋಪಿನ ನೀಲಿ ಕಾರ್ನ್‌ಫ್ಲವರ್‌ನಲ್ಲೂ ಇದೆ. ಅಲ್ಲಿ ಲೋಹಗಳ ಜೊತೆ ಕೂಡಿ ನೀಲಿ ಆಗಿದೆ.

ಮಾಟುಂಗಾ_ಮಾವ · ಜೂನ್ 15

ನನ್ನ ಬಾಲ್ಯದ ಒಂದು ನೆನಪು ಹೇಳುತ್ತೇನೆ. ಉಡುಪಿ ಕಡೆಯ ಅಜ್ಜಿ ಮನೆಯಲ್ಲಿ ಬೆಟ್ಟದಾವರೆ ಇತ್ತು. ದಾಸವಾಳದ ಜಾತಿ. ಬೆಳಿಗ್ಗೆ ಪೂಜೆಗೆ ಕೊಯ್ಯುವಾಗ ಹಾಲು ಬಿಳಿ. ಮಧ್ಯಾಹ್ನ ಗುಲಾಬಿ. ಸಂಜೆ ದೀಪ ಹಚ್ಚುವ ಹೊತ್ತಿಗೆ ಕಡುಕೆಂಪು. ದೇವರ ಮುಂದೆ ಇಟ್ಟ ಹೂವೂ ಬದಲಾಗುತ್ತಿತ್ತು. ದೇವರು ಪ್ರಸಾದ ಒಪ್ಪಿಕೊಂಡ ಗುರುತು ಅಂತ ಅಜ್ಜಿ ಹೇಳುತ್ತಿದ್ದರು. ಮಣ್ಣಿನಿಂದ ಕಿತ್ತ ಹೂ ಅದು. ಈಗ ಹೇಳಿ, ಯಾವ ಮಣ್ಣು ಅದಕ್ಕೆ ಬಣ್ಣ ಕೊಟ್ಟಿತು?

ಫೋಂಡಾ_ತಂಗಿ · ಜೂನ್ 15

ಮಾವ, ಅದು ನಮ್ಮ ಪಕ್ಕದ ಮನೆಯಲ್ಲಿದೆ. ಒಮ್ಮೆ ನನ್ನ ಮಗಳು ಬೆಳಿಗ್ಗೆ ಒಂದು ಹೂ ಫ್ರಿಜ್‌ನಲ್ಲಿಟ್ಟು, ಇನ್ನೊಂದನ್ನು ಮೇಜಿನ ಮೇಲೆ ಇಟ್ಟಿದ್ದಳು. ಸಂಜೆ ಮೇಜಿನದ್ದು ಕೆಂಪು. ಫ್ರಿಜ್‌ನದ್ದು ಬಿಳಿಯಾಗೇ ಇತ್ತು. ಹೊರಗೆ ತೆಗೆದಿಟ್ಟ ಮೇಲೆ ನಿಧಾನವಾಗಿ ಗುಲಾಬಿ ಏರಿತು.

ಮುಲುಂಡ್_ಮೇಷ್ಟ್ರು · ಜೂನ್ 15

ನಿಮ್ಮ ಮಗಳಿಗೆ ನನ್ನ ಕಡೆಯಿಂದ ಶಾಬಾಸ್ ಹೇಳಿ. ಅರಳಿದ ಮೇಲೂ ಎಸಳು ಆಂಥೋಸಯನಿನ್ ಮಾಡುತ್ತಲೇ ಇರುತ್ತದೆ. ಮಾಡುವುದು ಕಿಣ್ವಗಳು. ತಣ್ಣಗಿದ್ದರೆ ಅವು ಕೆಲಸ ನಿಲ್ಲಿಸುತ್ತವೆ. ಮಾವ ಹೇಳಿದ ಹಾಗೆ ಮಣ್ಣಿಗೆ ಇಲ್ಲಿ ಪಾತ್ರ ಇಲ್ಲ. ಆದರೆ ಪರಿಸರ ಅಂದರೆ ಮಣ್ಣು ಒಂದೇ ಅಲ್ಲ, ಶಾಖವೂ ಪರಿಸರವೇ.

ವಾಸ್ಕೊ_ಬಂದರು · ಜೂನ್ 15

ಮುಂಬೈಯ ಬಾಲ್ಕನಿಗಳಲ್ಲಿ ಇರುವ ಮಧುಮಾಲತಿ ಬಳ್ಳಿಯೂ ಹಾಗೇ. ರಾತ್ರಿ ಬಿಳಿ ಅರಳಿ, ಮರುದಿನ ಗುಲಾಬಿ, ಆಮೇಲೆ ಕೆಂಪು. ಬಿಳಿ ಇರುವಾಗ ರಾತ್ರಿ ಪತಂಗ ಬರುತ್ತದೆ. ಬಣ್ಣ ಏರಿದ ಮೇಲೆ ಹಗಲಿನ ಜೇನು, ಚಿಟ್ಟೆ.

ಕೊಥ್ರೂಡ್_ಬಾಲ್ಕನಿ · ಜೂನ್ 16

ಇಷ್ಟೆಲ್ಲ ಓದಿ ತಲೆ ತುಂಬಿತು, ಮನಸ್ಸೂ ತುಂಬಿತು. ಈಗ ಹೇಳಿ, ನಾನು ಏನು ಮಾಡಲಿ? ನನಗೆ ಅಮ್ಮನ ನೀಲಿ ಬೇಕು.

ಚಿಂಚವಡ_ಕೆಮಿಸ್ಟ್ · ಜೂನ್ 16

ಸಿಮೆಂಟ್ ಕುಂಡ ಬಿಡಿ, ಮಣ್ಣಿನದೋ ಪ್ಲಾಸ್ಟಿಕ್‌ದೋ ತನ್ನಿ. ಕಪ್ಪು ಮಣ್ಣು ಬಿಡಿ. ತಂಗಿ ಬರುವಾಗ ಎರಡು ಚೀಲ ಕೆಂಪು ಮಣ್ಣು ತರಲಿ. ಮಳೆ ನೀರು ಹಿಡಿದಿಡಿ, ಬೋರ್ ನೀರು ಆದಷ್ಟು ಬೇಡ. ಕಿರಾಣಿ ಅಂಗಡಿಯ ಪಟಿಕ ಒಂದು ಲೀಟರ್ ನೀರಿಗೆ ಅರ್ಧ ಟೀ ಚಮಚ ಕರಗಿಸಿ ಹದಿನೈದು ದಿನಕ್ಕೊಮ್ಮೆ ಬುಡಕ್ಕೆ ಹಾಕಿ. ಪಟಿಕದಲ್ಲಿ ಅಲ್ಯುಮಿನಿಯಂ ಇದೆ. ಜಾಸ್ತಿ ಹಾಕಿದರೆ ಬೇರು ಸುಡುತ್ತದೆ. ಬೇರೆ ಕುಂಡಗಳಿಗೆ ಹಾಕಲೇಬೇಡಿ, ಹೆಚ್ಚಿನ ಗಿಡಗಳಿಗೆ ಅಲ್ಯುಮಿನಿಯಂ ವಿಷ. ಹೈಡ್ರೇಂಜಿಯ ಅದನ್ನು ಸಿಟ್ರಿಕ್ ಆಮ್ಲದ ಜೊತೆ ಕಟ್ಟಿಹಾಕಿ ತಡೆದುಕೊಳ್ಳುತ್ತದೆ. ಎಲುಬಿನ ಪುಡಿ, ಡಿಎಪಿ ಗೊಬ್ಬರ ಕೂಡ ನಿಲ್ಲಿಸಿ. ಅವುಗಳಲ್ಲಿರುವ ರಂಜಕ (ಫಾಸ್ಫರಸ್) ಅಲ್ಯುಮಿನಿಯಂ ಅನ್ನು ಹಿಡಿದುಕೊಂಡು ಬಿಡುತ್ತದೆ.

ಈಗ ಅರಳಿರುವ ಹೂ ಬದಲಾಗುವುದಿಲ್ಲ. ಮುಂದಿನ ವರ್ಷದ್ದನ್ನು ನೋಡಬೇಕು.

ಮುಲುಂಡ್_ಮೇಷ್ಟ್ರು · ಜೂನ್ 16

ಒಂದೇ ಕೋರಿಕೆ. ಎರಡನ್ನೂ ಬದಲಿಸಬೇಡಿ. ಒಂದು ಗಿಡ ಇದ್ದ ಹಾಗೇ ಇರಲಿ. ಪಕ್ಕದಲ್ಲಿ ಹಾಗೆ ಒಂದು ಇಲ್ಲದಿದ್ದರೆ ಬದಲಾದದ್ದು ಯಾವುದರಿಂದ ಅಂತ ಹೇಗೆ ಹೇಳುತ್ತೀರಿ?

ಕೊಥ್ರೂಡ್_ಬಾಲ್ಕನಿ · ಅಕ್ಟೋಬರ್ 21

ದಸರಾ ರಜೆಗೆ ತಂಗಿ ಬಂದಿದ್ದಳು, ಎರಡು ಚೀಲ ಮಣ್ಣು ತಂದಳು. ಒಂದು ಗಿಡ ಹೊಸ ಕುಂಡಕ್ಕೆ ಹೋಯಿತು. ಬೇರಿಗೆ ಅಂಟಿದ್ದ ಕಪ್ಪು ಮಣ್ಣನ್ನು ಮಳೆ ನೀರಿನಲ್ಲಿ ಮೆಲ್ಲಗೆ ತೊಳೆದೆ. ಇನ್ನೊಂದನ್ನು ಮುಟ್ಟಿಲ್ಲ.

ಧಾರವಾಡ_ಟು_ಪುಣೆ · ಅಕ್ಟೋಬರ್ 22

ಜನವರಿಯಲ್ಲಿ ಎಂಪ್ರೆಸ್ ಗಾರ್ಡನ್ ಪುಷ್ಪ ಪ್ರದರ್ಶನಕ್ಕೆ ಪುಣೆಯವರು ಯಾರು ಬರುತ್ತೀರಿ? ಒಟ್ಟಿಗೆ ಹೋಗೋಣ.

ತಳೇಗಾಂವ್_ಪಾಲಿಹೌಸ್ · ಅಕ್ಟೋಬರ್ 22

ನಾನು ಬರುತ್ತೇನೆ. ಕಸಿ ಗಂಟು ಯಾವುದು ಅಂತ ಅಲ್ಲೇ ತೋರಿಸುತ್ತೇನೆ.

ಕೊಥ್ರೂಡ್_ಬಾಲ್ಕನಿ · ಜೂನ್ 3

ಹೂ ಬಂತು!

ಸಿಮೆಂಟ್ ಕುಂಡದ್ದು ಹೋದ ವರ್ಷದ ಹಾಗೇ ಗುಲಾಬಿ. ಕೆಂಪು ಮಣ್ಣಿನದರಲ್ಲಿ ಮೂರು ಗೊಂಚಲು. ಮೊದಲನೆಯದು ನೇರಳೆ. ಅದರಲ್ಲೇ ಕೆಲವು ಎಸಳು ಬುಡದಲ್ಲಿ ಗುಲಾಬಿ, ಅಂಚಿನಲ್ಲಿ ನೀಲಿ. ಎರಡನೆಯದು ಇನ್ನೂ ಹಸಿರಾಗಿದೆ. ಮೂರನೆಯದು ಅಮ್ಮನ ಅಂಗಳದ್ದೇ ನೀಲಿ. ಬೆಳಿಗ್ಗೆ ಆರಕ್ಕೆ ಬಾಗಿಲು ತೆಗೆದು ನೋಡಿ ಅಲ್ಲೇ ನಿಂತುಬಿಟ್ಟೆ.

ಅಮ್ಮ ಈಗ ಇಲ್ಲೇ ಇದ್ದಾರೆ. ಎರಡು ಕುಂಡಗಳ ನಡುವೆ ಕುರ್ಚಿ ಹಾಕಿಕೊಂಡು ತುಂಬ ಹೊತ್ತು ಕೂತಿದ್ದರು. ಆಮೇಲೆ ಗುಲಾಬಿ ಬಣ್ಣದ ಗಿಡದಿಂದ ಎರಡು ಕಡ್ಡಿ ಕೊಡು, ಊರಿಗೆ ಒಯ್ಯುತ್ತೇನೆ ಅಂದರು. ಅಲ್ಲಿ ಹೋದರೆ ಅದು ನೀಲಿಯೇ ಆಗುತ್ತದೆ ಅಮ್ಮ ಅಂದೆ. "ನೆಲದಲ್ಲಿ ನೆಟ್ಟರೆ ತಾನೇ? ಕುಂಡದಲ್ಲಿ ನೆಟ್ಟು ಸುಣ್ಣ ಹಾಕುತ್ತೇನೆ" ಅಂದರು.

ಚಿಂಚವಡ_ಕೆಮಿಸ್ಟ್ · ಜೂನ್ 3

ತಿನ್ನುವ ಸುಣ್ಣ ಬೇಡ, ಅದು ಜೋರು. ಮೊಟ್ಟೆ ಸಿಪ್ಪೆ ನುಣ್ಣಗೆ ಪುಡಿ ಮಾಡಿ ಹಾಕಲಿ, ಅಥವಾ ನಿಮ್ಮ ಹಳೇ ಸಿಮೆಂಟ್ ಕುಂಡವನ್ನೇ ಕೊಟ್ಟು ಕಳಿಸಿ.

ಮಾಟುಂಗಾ_ಮಾವ · ಜೂನ್ 4

ಫೋಟೋ ಹಾಕಿ. ಎರಡೂ ಕುಂಡ ಒಟ್ಟಿಗೆ ಕಾಣಬೇಕು. ನನಗೂ ಒಂದು ಕಡ್ಡಿ ಬೇಕು, ಬದಲಿಗೆ ಬಿಳಿ ದಾಸವಾಳದ್ದು ಕಳಿಸುತ್ತೇನೆ.